ಪಿಯು ಹಾಸ್ಟೆಲ್‌ನಲ್ಲಿ ಈಟಿಂಗ್ ಡಿಸಾರ್ಡರ್ ಸ್ಕ್ರೀನಿಂಗ್: ಸ್ಕಾಫ್ ಸಾಕಾ, ಈಟ್-26 ಬೇಕಾ?

ಹಾಸ್ಟೆಲ್_ಸಮಾಲೋಚಕಿ

ನಮ್ಮದು ಹೆಣ್ಣುಮಕ್ಕಳ ಪಿಯು ಹಾಸ್ಟೆಲ್. ಸುಮಾರು 400 ಜನ ಇದ್ದಾರೆ, ವಯಸ್ಸು 16ರಿಂದ 18. ವರ್ಷದ ಆರೋಗ್ಯ ತಪಾಸಣೆ ಜೊತೆಗೇ ಈಟಿಂಗ್ ಡಿಸಾರ್ಡರ್ (ಊಟ, ತೂಕದ ಚಿಂತೆ ಕಾಯಿಲೆಯ ಮಟ್ಟಕ್ಕೆ ಹೋಗುವುದು) ಪತ್ತೆಗೂ ಒಂದು ಪ್ರಶ್ನಾವಳಿ ಕೊಡಿಸಿ ಅಂತ ಆಡಳಿತ ಮಂಡಳಿಯವರು ಹೇಳಿದ್ದಾರೆ. ಐದೇ ಪ್ರಶ್ನೆಯ ಸ್ಕಾಫ್ ಸಾಕಾಗುತ್ತಾ ಅಥವಾ ಈಟ್-26 ಬೇಕಾ? ಕನ್ನಡಕ್ಕೆ ನಾವೇ ಅನುವಾದ ಮಾಡಿಕೊಂಡರೆ ನಡೆಯುತ್ತಾ? ಎಲ್ಲರಿಗೂ ಒಂದೇ ದಿನ ಗೂಗಲ್ ಫಾರ್ಮ್‌ನಲ್ಲಿ ಕಳಿಸೋಣ, ಹೆಸರು ಕೇಳೋದು ಬೇಡ, ಆಗ ನಿಜ ಬರೀತಾರೆ ಅಂತ ಒಬ್ಬ ಲೆಕ್ಚರರ್ ಸಲಹೆ. ಇನ್ನೊಂದು ವಿಷಯ, ನಮ್ಮಲ್ಲಿ ಸೋಮವಾರ, ಸಂಕಷ್ಟಿ, ಏಕಾದಶಿ ಮಾಡುವವರು, ರಂಜಾನ್ ರೋಜಾ ಇಡುವವರು ಬಹಳ. ಅವರ ಅಂಕ ಸುಮ್ಮನೆ ಏರುವುದಿಲ್ಲವೇ? ಕೊನೆಗೆ, ಅಂಕ ಬಂದ ಮೇಲೆ ನಾನು ಮಾಡಬೇಕಾದದ್ದು ಏನು? ಇಲ್ಲಿ ಸಮಾಲೋಚಕಿ ನಾನೊಬ್ಬಳೇ.

ಮನೋವಿಜ್ಞಾನ_ಧಾರವಾಡ

ಮೇಡಂ, ಕೊನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಮೊದಲಿನವಕ್ಕೆ ಕೈ ಹಾಕಬೇಡಿ. ಪಾಸಿಟಿವ್ ಬಂದ ಹುಡುಗಿಯನ್ನು ಯಾರು ಕೂರಿಸಿಕೊಂಡು ಮಾತಾಡುತ್ತಾರೆ, ಯಾವ ವೈದ್ಯರ ಹತ್ತಿರ ಕಳಿಸುತ್ತೀರಿ, ಮನೆಗೆ ಯಾರು ಫೋನ್ ಮಾಡುತ್ತಾರೆ, ಈ ಮೂರು ಹೆಸರು ಕಾಗದದ ಮೇಲೆ ಬಂದ ನಂತರ ಪ್ರಶ್ನಾವಳಿ ಹಂಚಿ.

ಈಗ ಸಾಧನಗಳ ವಿಷಯ. ಸ್ಕಾಫ್ ಬಂದದ್ದು 1999ರಲ್ಲಿ, ಲಂಡನ್ನಿನ ಸೇಂಟ್ ಜಾರ್ಜ್ಸ್‌ನಿಂದ. ಐದು ಪ್ರಶ್ನೆ, ಹೌದು ಅಥವಾ ಇಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿತು ಅಂತ ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀರಾ, ಎಷ್ಟು ತಿನ್ನುತ್ತೇನೆ ಎನ್ನುವುದು ಕೈತಪ್ಪಿ ಹೋಗಿದೆ ಎಂಬ ಚಿಂತೆ ಇದೆಯಾ, ಮೂರು ತಿಂಗಳಲ್ಲಿ ಒಂದು ಸ್ಟೋನ್‌ಗಿಂತ ಹೆಚ್ಚು ತೂಕ ಇಳಿದಿದೆಯಾ, ಬೇರೆಯವರು ತೀರಾ ಸಣ್ಣ ಎಂದರೂ ನಾನು ದಪ್ಪ ಅಂತಲೇ ಅನಿಸುತ್ತದಾ, ಊಟತಿಂಡಿಯ ಯೋಚನೆಯೇ ಬದುಕನ್ನು ಆಳುತ್ತಿದೆಯಾ. ಎರಡು ಅಥವಾ ಹೆಚ್ಚು ಹೌದು ಬಂದರೆ ಮುಂದಿನ ಹಂತ.

ಆ ಮೊದಲ ಅಧ್ಯಯನದಲ್ಲಿ ಕಾಯಿಲೆ ಇದ್ದವರೆಲ್ಲ ಸಿಕ್ಕಿಬಿದ್ದಿದ್ದರು, 100 ಪ್ರತಿಶತ. ಆದರೆ ಅಲ್ಲಿ ಒಂದು ಕಡೆ ಕಾಯಿಲೆ ಖಚಿತವಾಗಿ ಚಿಕಿತ್ಸೆಯಲ್ಲಿದ್ದವರು, ಇನ್ನೊಂದು ಕಡೆ ಆರೋಗ್ಯವಂತರು. ನಡುವಿನವರೇ ಇಲ್ಲ. 2002ರಲ್ಲಿ ಸಾಮಾನ್ಯ ವೈದ್ಯರ ಬಳಿ ಬರುವ ಮಹಿಳೆಯರ ಮೇಲೆ ಅದನ್ನೇ ಪರೀಕ್ಷಿಸಿದಾಗ ಪತ್ತೆ ಪ್ರಮಾಣ ಸುಮಾರು 85ಕ್ಕೆ ಇಳಿಯಿತು. ನಿಮ್ಮ ಹಾಸ್ಟೆಲ್ ಎರಡನೆಯದಕ್ಕೆ ಹತ್ತಿರ. ಬ್ರೋಷರ್‌ಗಳಲ್ಲಿ ಮಾತ್ರ ಇವತ್ತಿಗೂ ಆ ನೂರೇ ಮೆರೆಯುತ್ತಿರುತ್ತದೆ.

ಒಂದು ಸ್ಟೋನ್ ಅಂದರೆ 6.35 ಕೆಜಿ. 80 ಕೆಜಿ ತೂಗುವವರಿಗೆ ಅದು 8 ಪ್ರತಿಶತ. 45 ಕೆಜಿಯ ಹುಡುಗಿಗೆ 14. ಅಷ್ಟು ಇಳಿಯುವ ತನಕ ಕಾದರೆ ತಡವಾಗಿರುತ್ತದೆ. ಮೇಲಾಗಿ 16ರ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುವವಳ ತೂಕ ಇದ್ದಲ್ಲೇ ನಿಂತಿದ್ದರೂ ಅದು ಇಳಿದ ಲೆಕ್ಕವೇ. ಹಾಗಂತ ಮೂಲ ಪ್ರಶ್ನೆಯ ಅಂಕಿ ಬದಲಿಸಬೇಡಿ, ಬದಲಿಸಿದರೆ ‘ಎರಡು ಹೌದು’ ಎನ್ನುವ ಗೆರೆಗೆ ಬೆಲೆ ಉಳಿಯುವುದಿಲ್ಲ. ಆರು ಕೆಜಿ ಚಿಲ್ಲರೆ ಅಂತ ಬರೆದು, ಅಂಕಕ್ಕೆ ಸೇರದ ಆರನೆಯ ಪ್ರಶ್ನೆ ಒಂದನ್ನು ಕೆಳಗೆ ಹಾಕಿ: ‘ಕಳೆದ ಮೂರು ತಿಂಗಳಲ್ಲಿ ಚೂಡಿದಾರ, ಯೂನಿಫಾರಂ ಸಡಿಲ ಆಗಿ ಹಿಡಿಸಿಕೊಂಡಿದ್ದೀರಾ?’ ಹಾಸ್ಟೆಲ್ ಹುಡುಗಿಯರಿಗೆ ತೂಕದ ಯಂತ್ರ ಕೈಗೆ ಸಿಗದಿರಬಹುದು, ಹೊಲಿಗೆ ಬಿಗಿ ಮಾಡಿಸಿದ್ದು ಮರೆಯುವುದಿಲ್ಲ.

ಈಟ್-26 1982ರದ್ದು, ಗಾರ್ನರ್ ಮತ್ತು ಸಂಗಡಿಗರದು. 26 ಪ್ರಶ್ನೆ, ಆರು ಆಯ್ಕೆ. ಅಂಕ ಹಾಕುವಲ್ಲೇ ಬಹಳಷ್ಟು ಕಡೆ ಎಡವಟ್ಟಾಗುವುದು. ‘ಯಾವಾಗಲೂ’ 3, ‘ಬಹುತೇಕ’ 2, ‘ಆಗಾಗ’ 1. ‘ಕೆಲವೊಮ್ಮೆ’, ‘ಅಪರೂಪಕ್ಕೆ’, ‘ಎಂದೂ ಇಲ್ಲ’ ಮೂರಕ್ಕೂ ಸೊನ್ನೆ. ಶೀಟಿನಲ್ಲಿ ಆರು ಆಯ್ಕೆಗೆ 0ಯಿಂದ 5 ಅಥವಾ 1ರಿಂದ 6 ಕೊಟ್ಟುಬಿಟ್ಟರೆ ಇಡೀ ತರಗತಿಯೇ 20 ದಾಟುತ್ತದೆ. ಹೊಸ ಬಗೆಯ ಎಣ್ಣೆ ತುಪ್ಪದ ತಿನಿಸು ರುಚಿ ನೋಡಲು ಇಷ್ಟ ಎನ್ನುವ ಒಂದು ಪ್ರಶ್ನೆಗೆ ಮಾತ್ರ ತಿರುವುಮುರುವು: ಅಲ್ಲಿ ‘ಎಂದೂ ಇಲ್ಲ’ಕ್ಕೆ 3. ಗರಿಷ್ಠ 78, ಗೆರೆ 20. ಕೊನೆಯಲ್ಲಿ ನಡವಳಿಕೆಯ ಪ್ರಶ್ನೆಗಳಿವೆ: ಕಳೆದ ಆರು ತಿಂಗಳಲ್ಲಿ ಮಿತಿಮೀರಿ ತಿಂದದ್ದು, ವಾಂತಿ, ಭೇದಿ ಮಾತ್ರೆ, ತೂಕ ಇಳಿಸಲು ದಿನಕ್ಕೆ ಒಂದು ಗಂಟೆ ಮೀರಿದ ವ್ಯಾಯಾಮ, 20 ಪೌಂಡ್ ಅಂದರೆ ಸುಮಾರು 9 ಕೆಜಿ ಇಳಿಕೆ. ಇವುಗಳಲ್ಲಿ ಒಂದು ಗೆರೆ ದಾಟಿದರೂ ಒಟ್ಟು ಅಂಕ 6 ಇರಲಿ 16 ಇರಲಿ, ಕರೆದು ಮಾತಾಡಬೇಕು. ಇದನ್ನು ಬಳಸಲು ಹಕ್ಕುದಾರರ ಅನುಮತಿಯೂ ಕೇಳಬೇಕು, ಕೊಡುತ್ತಾರೆ.

ಇಡಿಇ-ಕ್ಯೂ ಅಂತ ಇನ್ನೊಂದಿದೆ, 28 ಪ್ರಶ್ನೆ, ಕಳೆದ 28 ದಿನದ ಲೆಕ್ಕ. ಚಿಕಿತ್ಸೆ ಶುರುವಾದವರ ಪ್ರಗತಿ ನೋಡಲು ಚೆನ್ನ, 400 ಜನರ ಮೊದಲ ಜರಡಿಗೆ ಭಾರ.

ನನ್ನ ಅಭಿಪ್ರಾಯ: ನಿಮಗೆ ಸ್ಕಾಫ್ ಸಾಕು. ಈಟ್-26ರಿಂದ ಸಿಗುವ ಹೆಚ್ಚಿನ ಮಾಹಿತಿ ಹೇಗೂ ಎದುರು ಕೂತು ಮಾತಾಡುವಾಗ ಸಿಕ್ಕೇ ಸಿಗುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿಯಲ್ಲೇ ಇದೆ, ಸ್ಕಾಫ್‌ನಂಥ ಪ್ರಶ್ನಾವಳಿ ಒಂದನ್ನೇ ನೆಚ್ಚಿಕೊಂಡು ಕಾಯಿಲೆ ಇದೆ ಅಂತಲೂ ಇಲ್ಲ ಅಂತಲೂ ಹೇಳಬೇಡಿ ಅಂತ. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಬೆಲೆ) ಒಂದನ್ನೇ ನಂಬುವುದಕ್ಕೂ ಅದೇ ಮಾತು.

ಅಂಕಿಅಂಶ_ಮೇಷ್ಟ್ರು

ಮೇಲಿನವರ ಮಾತಿಗೆ ಲೆಕ್ಕ ಸೇರಿಸುತ್ತೇನೆ. 400ರಲ್ಲಿ 12 ಜನಕ್ಕೆ ನಿಜಕ್ಕೂ ಕಾಯಿಲೆ ಇದೆ ಅಂತ ಇಟ್ಟುಕೊಳ್ಳಿ (ಇದು ಬರೀ ಊಹೆ, ಲೆಕ್ಕ ತೋರಿಸಲಿಕ್ಕೆ). 85 ಪ್ರತಿಶತ ಪತ್ತೆಯಾದರೆ 10 ಜನ ಸಿಗುತ್ತಾರೆ, 2 ಜನ ತಪ್ಪಿಸಿಕೊಳ್ಳುತ್ತಾರೆ. ಉಳಿದ 388 ಜನರಲ್ಲಿ ಹತ್ತು ಪ್ರತಿಶತ ತಪ್ಪಾಗಿ ಪಾಸಿಟಿವ್, ಅಂದರೆ 39. ಒಟ್ಟು 49 ಪಾಸಿಟಿವ್, ಅದರಲ್ಲಿ ನಿಜವಾದವು 10. ಐದರಲ್ಲಿ ಒಂದು.

ಹಾಗಾಗಿ ‘ನಮ್ಮ ಹಾಸ್ಟೆಲ್‌ನಲ್ಲಿ 12 ಪ್ರತಿಶತ ಹುಡುಗಿಯರಿಗೆ ಈಟಿಂಗ್ ಡಿಸಾರ್ಡರ್’ ಅಂತ ಯಾರಾದರೂ ವರದಿ ಬರೆಯಲು ಹೊರಟರೆ ತಡೆಯಿರಿ. 2018ರಲ್ಲಿ ಮೈಸೂರಿನ ವಿದ್ಯಾರ್ಥಿಗಳ ಮೇಲಿನ ಒಂದು ಅಧ್ಯಯನದಲ್ಲಿ ಸುಮಾರು ಕಾಲು ಭಾಗ ಮಂದಿ ಪ್ರಶ್ನಾವಳಿಯ ಗೆರೆ ದಾಟಿದ್ದರು. ಅದನ್ನು ‘ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ’ ಅಂತ ಓದಿದರೆ ಇದೇ ತಪ್ಪಾಗುತ್ತದೆ. ಗೆರೆ ದಾಟಿದವರು ಮಾತಾಡಿಸಬೇಕಾದವರು, ಅಷ್ಟೇ.

ಸಮಯದ ಲೆಕ್ಕವನ್ನೂ ಹಾಕಿ. 49 ಜನರಿಗೆ ಅರ್ಧರ್ಧ ಗಂಟೆ ಅಂದರೂ 24 ಗಂಟೆ ಮೀರುತ್ತದೆ. ಒಂದೇ ದಿನ ಎಲ್ಲರಿಗೂ ಫಾರ್ಮ್ ಕಳಿಸಿದರೆ ಕೊನೆಯವಳ ಸರದಿ ಬರುವಷ್ಟರಲ್ಲಿ ಮಿಡ್‌ಟರ್ಮ್ ಮುಗಿದಿರುತ್ತದೆ. ತಾನು ಹೌದು ಅಂತ ಬರೆದರೂ ಯಾರೂ ಕರೆಯಲಿಲ್ಲ ಅಂತ ಆಕೆ ಅಂದುಕೊಳ್ಳುತ್ತಾಳೆ. ವಾರಕ್ಕೆ 50 ಜನರ ಒಂದು ತಂಡ ಮಾಡಿ. ವಾರಕ್ಕೆ ಆರು ಪಾಸಿಟಿವ್, ಮೂರು ಗಂಟೆ ಕೆಲಸ, ಎಂಟು ವಾರಕ್ಕೆ ಮುಗಿಯಿತು.

ಹೆಸರಿಲ್ಲದ ಫಾರ್ಮ್ ಬಗ್ಗೆ: ಸಮೀಕ್ಷೆಗೆ ಅದು ಸರಿ. ಇಲ್ಲಿ ಹುಡುಗಿಯನ್ನು ಹುಡುಕಬೇಕು. ಹೆಸರಿಲ್ಲದೆ ‘ಐದಕ್ಕೆ ಐದು ಹೌದು’ ಅಂತ ಒಂದು ಉತ್ತರ ಬಂದರೆ ಏನು ಮಾಡುತ್ತೀರಿ? ಹೆಸರಿನ ಬದಲು ಕೋಡ್ ಸಂಖ್ಯೆ ಕೊಡಿ, ಕೋಡ್ ಪಟ್ಟಿ ನಿಮ್ಮ ಬೀಗದ ಡ್ರಾಯರ್‌ನಲ್ಲಿರಲಿ, ಪಟ್ಟಿ ಇದೆ ಅನ್ನುವುದನ್ನು ಮೊದಲೇ ಅವರಿಗೆ ಹೇಳಿ.

ತಾಲ್ಲೂಕು_ವೈದ್ಯ

ಆರೋಗ್ಯ ತಪಾಸಣೆ ಜೊತೆಗೇ ಅಂದಿರಿ. ಕ್ರಮ ಮುಖ್ಯ: ಪ್ರಶ್ನಾವಳಿ ಮೊದಲು, ತೂಕ ಆಮೇಲೆ. ತೂಕ ನೋಡಿದ ಐದು ನಿಮಿಷಕ್ಕೆ ‘ನೀನು ದಪ್ಪ ಅನಿಸುತ್ತದಾ’ ಅಂತ ಕೇಳಿದರೆ ಬರುವ ಉತ್ತರ ಬೇರೆ. ಕ್ಯಾಂಪ್‌ಗಳಲ್ಲಿ ಒಬ್ಬರು ತೂಕ ನೋಡಿ ಕೂಗುವುದು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು, ಸಾಲಿನಲ್ಲಿ ನಿಂತವರು ಕೇಳಿಸಿಕೊಂಡು ನಗುವುದು ಇದೆಯಲ್ಲ, ಅದನ್ನು ನಿಲ್ಲಿಸಿ. ಪರದೆಯ ಹಿಂದೆ, ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಚಪ್ಪಲಿ, ಸ್ವೆಟರ್ ತೆಗೆಸಿ, ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಗಿ. ತೂಕ ಹೆಚ್ಚು ಕಾಣಲಿ ಅಂತ ಲೀಟರ್‌ಗಟ್ಟಲೆ ನೀರು ಕುಡಿದು ಬರುವುದು ಈ ಕಾಯಿಲೆಯಲ್ಲಿ ಹೊಸದಲ್ಲ.

18ರೊಳಗಿನವರಿಗೆ ದೊಡ್ಡವರ 18.5ರ ಗೆರೆ ಬಳಸಬೇಡಿ. ಅವಳ ಬಿಎಂಐಯನ್ನು ಅದೇ ವಯಸ್ಸಿನ ಹುಡುಗಿಯರ ಮಧ್ಯದ ಬಿಎಂಐಯಿಂದ ಭಾಗಿಸಿ ನೂರರಿಂದ ಗುಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 16 ತುಂಬಿದ ಹುಡುಗಿಗೆ ಮಧ್ಯದ ಬೆಲೆ ಸುಮಾರು 20.7. ಎತ್ತರ 155 ಸೆಂ.ಮೀ., ತೂಕ 36 ಕೆಜಿ ಇದ್ದರೆ ಬಿಎಂಐ 15, ಅಂದರೆ ಮಧ್ಯದ ಬೆಲೆಯ 72 ಪ್ರತಿಶತ. 75ಕ್ಕಿಂತ ಕೆಳಗೆ ಹೋಯಿತೆಂದರೆ ಸಮಾಲೋಚನೆಗೆ ಮುಂದಿನ ವಾರ ಬಾ ಅನ್ನುವ ಮಾತಿಲ್ಲ, ಆಸ್ಪತ್ರೆಯ ಮಾತು. ಇನ್ನೊಂದು ಕಡೆ, 70 ಕೆಜಿಯಿಂದ ನಾಲ್ಕು ತಿಂಗಳಲ್ಲಿ 54ಕ್ಕೆ ಇಳಿದವಳ ಬಿಎಂಐ ಪಟ್ಟಿಯಲ್ಲಿ ಅಂದವಾಗಿ ಕೂರುತ್ತದೆ. ಎಲ್ಲರೂ ಶಹಬ್ಬಾಸ್ ಅನ್ನುತ್ತಿರುತ್ತಾರೆ. ಅವಳ ನಾಡಿ, ರಕ್ತದ ಲವಣಾಂಶ ಕೆಟ್ಟಿರಬಹುದು. ಇಳಿದ ವೇಗ ಕೇಳಿ.

ನಾಡಿಯನ್ನು 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸಬೇಡಿ, ಪೂರ್ತಿ ಒಂದು ನಿಮಿಷ ಎಣಿಸಿ. ಐದು ನಿಮಿಷ ಮಲಗಿಸಿ ಒಮ್ಮೆ ನಾಡಿ ಮತ್ತು ಬಿಪಿ, ಎದ್ದು ನಿಂತ ಎರಡು ಮೂರು ನಿಮಿಷಕ್ಕೆ ಮತ್ತೊಮ್ಮೆ. ಎಚ್ಚರವಿದ್ದಾಗ ನಾಡಿ 50ಕ್ಕಿಂತ ಕಡಿಮೆ, ನಿಂತಾಗ ಮೇಲಿನ ಬಿಪಿ 20ಕ್ಕಿಂತ ಹೆಚ್ಚು ಬೀಳುವುದು, ನಾಡಿ 30ಕ್ಕಿಂತ ಹೆಚ್ಚು ಏರುವುದು, ಪ್ರಜ್ಞೆ ತಪ್ಪಿದ್ದು, ಅನ್ನ ನೀರು ಎರಡನ್ನೂ ಬಿಟ್ಟಿರುವುದು, ಸಾಯುವ ಮಾತು: ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆ. ನಾಡಿ 40ರ ಕೆಳಗೆ ಹೋದರೆ ಆ ಕ್ಷಣವೇ. ‘ಅವಳು ಅಥ್ಲೀಟ್, ನಾಡಿ ಕಡಿಮೆಯೇ ಇರುತ್ತೆ’ ಅನ್ನುವ ಸಮಾಧಾನ ತೂಕ ಇಳಿದ ಹುಡುಗಿಯ ವಿಷಯದಲ್ಲಿ ಹೇಳಬೇಡಿ.

ಯಂತ್ರ ಬೇಡದ ಇನ್ನೊಂದು ಪರೀಕ್ಷೆ: ನೆಲದ ಮೇಲೆ ಅಂಗಾತ ಮಲಗಿ ಕೈ ಊರದೆ ಏಳಬೇಕು, ಕುಕ್ಕರುಗಾಲಲ್ಲಿ ಕೂತು ಕೈ ಊರದೆ ನಿಲ್ಲಬೇಕು. ಸಲೀಸಾಗಿ ಎದ್ದರೆ 3, ತುಸು ಕಷ್ಟಪಟ್ಟರೆ 2, ಕೈ ಊರಿ ಎದ್ದರೆ 1, ಆಗದಿದ್ದರೆ 0. ಸೊನ್ನೆ ಅಥವಾ ಒಂದು ಬಂದರೆ ಸ್ನಾಯು ಕರಗಿದೆ ಎಂದೇ ತಿಳಿಯಬೇಕು.

ಕಣ್ಣಿಗೆ ಕಾಣುವವು: ವಾಂತಿಗೆಂದು ಬೆರಳು ಹಾಕುವಾಗ ಗೆಣ್ಣಿನ ಹಿಂದೆ ಹಲ್ಲು ತಾಗಿ ಆದ ಗಟ್ಟಿ ಗುರುತು, ಕಿವಿಯ ಕೆಳಗೆ ಕೆನ್ನೆ ಎರಡೂ ಕಡೆ ಊದಿರುವುದು, ಮೇಲಿನ ಮುಂದಿನ ಹಲ್ಲುಗಳ ಒಳಮೈ ಸವೆದಿರುವುದು, ಬೆನ್ನು ತೋಳಿನ ಮೇಲೆ ಮೆತ್ತನೆ ಕೂದಲು, ಸೆಕೆಯಲ್ಲೂ ತಣ್ಣಗಿರುವ ಕೈ. ಮೂರು ತಿಂಗಳಿಂದ ಮುಟ್ಟು ನಿಂತಿದೆಯಾ ಅಂತ ತಪ್ಪದೆ ಕೇಳಿ. ಕ್ಯಾಂಪ್‌ಗೆ ದಂತವೈದ್ಯರು ಬಂದರೆ ಹಲ್ಲಿನ ಒಳಮೈ ನೋಡಲು ಅವರಿಗೂ ಹೇಳಿಡಿ, ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಮುಂತಾದವುಗಳಿಂದ ಹೊರಹಾಕುವ ಕಾಯಿಲೆ) ಮೊದಲು ಕಣ್ಣಿಗೆ ಬೀಳುವುದು ಎಷ್ಟೋ ಸಲ ಅವರಿಗೇ.

ತೂಕ ಇಳಿದವರೆಲ್ಲ ಈಟಿಂಗ್ ಡಿಸಾರ್ಡರ್ ಅಲ್ಲ. ನಮ್ಮಲ್ಲಿ ಟಿಬಿ ಮೊದಲು ನೆನಪಾಗಬೇಕು, ಜೊತೆಗೆ ಥೈರಾಯ್ಡ್, ಹೊಸದಾಗಿ ಬಂದ ಟೈಪ್ 1 ಸಕ್ಕರೆ ಕಾಯಿಲೆ, ಹೊಟ್ಟೆಹುಳ. ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ, ಟಿಎಸ್‌ಎಚ್, ಹಿಮೋಗ್ಲೋಬಿನ್, ಒಂದು ಇಸಿಜಿ ಮಾಡಿಸಿ. ರಿಪೋರ್ಟ್ ಎಲ್ಲ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಎಂದಲ್ಲ, ದೇಹ ಇನ್ನೂ ಸಂಭಾಳಿಸಿಕೊಂಡಿದೆ ಎಂದು ಅರ್ಥ.

ಮತ್ತೊಂದು ಅಪಾಯ. ದಿನಗಟ್ಟಲೆ ಹೆಚ್ಚುಕಡಿಮೆ ಏನೂ ತಿನ್ನದವಳಿಗೆ ವಿಷಯ ಗೊತ್ತಾದ ದಿನವೇ ತುಪ್ಪದನ್ನ, ಹಾಲು, ಬಾಳೆಹಣ್ಣು ಅಂತ ಬಲವಂತವಾಗಿ ತಿನ್ನಿಸಬೇಡಿ. ಒಮ್ಮೆಗೇ ಪಿಷ್ಟ ಒಳಹೋದರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶದೊಳಕ್ಕೆ ಸರಿದುಬಿಡುತ್ತವೆ, ಹೃದಯದ ಲಯ ತಪ್ಪಬಹುದು. ಅಂಥವರಿಗೆ ಊಟ ಏರಿಸುವುದು ವೈದ್ಯರ ಕಣ್ಣೆದುರೇ ಆಗಬೇಕು.

ಹಾಸ್ಟೆಲ್_ಸಮಾಲೋಚಕಿ

ತುಂಬಾ ಉಪಯೋಗವಾಯಿತು. ವ್ರತದ ಪ್ರಶ್ನೆ ಮತ್ತು ಅನುವಾದದ ಪ್ರಶ್ನೆ ಉಳಿಯಿತು. ಜಾಲದಲ್ಲಿ ಹರಿದಾಡುವ ಕನ್ನಡ ಅನುವಾದ ಒಂದು ಸಿಕ್ಕಿದೆ, ಅದನ್ನೇ ಬಳಸಬಹುದಾ?

ಪಥ್ಯಾಹಾರ_ಶಿವಮೊಗ್ಗ

ವ್ರತದ ಬಗ್ಗೆ ನಾನು ಹೇಳುತ್ತೇನೆ. ಈ ಗೊಂದಲ ಹಳೆಯದು. 1989ರಲ್ಲೇ ಮೈಕಲ್ ಕಿಂಗ್ ಮತ್ತು ದಿನೇಶ್ ಭುಗ್ರಾ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಈಟ್ ಪ್ರಶ್ನಾವಳಿ ಕೊಟ್ಟಾಗ ಬಹಳ ಮಂದಿ ಗೆರೆ ದಾಟಿದರು. ಕೆದಕಿ ನೋಡಿದರೆ ಕೆಲವು ಪ್ರಶ್ನೆಗಳನ್ನು ಮಕ್ಕಳು ಬೇರೆಯದೇ ಅರ್ಥದಲ್ಲಿ ತೆಗೆದುಕೊಂಡಿದ್ದರು. ಊಟದಲ್ಲಿ ಹಿಡಿತ ಇಟ್ಟುಕೊಳ್ಳುವುದು ಕಾಯಿಲೆ ಅಂತ ನಮ್ಮ ಮನೆಗಳಲ್ಲಿ ಯಾರು ತಿಳಿಯುತ್ತಾರೆ? ಅಜ್ಜಿ ಕಲಿಸಿದ ಒಳ್ಳೆಯ ಗುಣ ಅದು. ಹೌದು ಅಂತ ಹೆಮ್ಮೆಯಿಂದಲೇ ಬರೆಯುತ್ತಾರೆ.

ಹಾಗಂತ ‘ವ್ರತ ಮಾಡ್ತಾಳೆ ಅಷ್ಟೇ’ ಅಂತ ಬಿಡುವುದೂ ತಪ್ಪು. ದೇವರ ಹೆಸರು ಹೇಳಿದರೆ ಹಾಸ್ಟೆಲ್‌ನಲ್ಲಿ ಯಾರೂ ತಕರಾರು ಮಾಡುವುದಿಲ್ಲ ಅನ್ನುವುದು ಆ ಹುಡುಗಿಗೂ ಗೊತ್ತು. ಎಷ್ಟು ದಿನ ಉಪವಾಸ ಅಂತ ಕೇಳುವುದಕ್ಕಿಂತ ಉಪವಾಸ ಬಿಡುವುದನ್ನು ಕೇಳಿ. ಏಕಾದಶಿ ಮಾಡಿದವಳು ದ್ವಾದಶಿ ಬೆಳಿಗ್ಗೆ ಪಾರಣೆಗೆ ಕಾಯುತ್ತಿರುತ್ತಾಳೆ, ಹಸಿವು ಅಂತ ಬಾಯಿಬಿಟ್ಟು ಹೇಳುತ್ತಾಳೆ. ಕಾಯಿಲೆ ಇರುವವಳಿಗೆ ಪಾರಣೆಯೇ ಸಂಕಟ, ಒಂದು ಚಮಚ ತೀರ್ಥ ಎರಡು ಹೋಳು ಹಣ್ಣಿನಲ್ಲಿ ಮುಗಿಸಿ ಕ್ಲಾಸಿಗೆ ಹೊರಟುಬಿಡುತ್ತಾಳೆ. ವ್ರತ ಯಾವಾಗ ಶುರುವಾಯಿತು, ಮನೆಯಲ್ಲಿ ಯಾರು ಮಾಡುತ್ತಾರೆ, ಆರು ತಿಂಗಳಲ್ಲಿ ವಾರಕ್ಕೆ ವ್ರತದ ದಿನಗಳ ಸಂಖ್ಯೆ ಏರಿದೆಯಾ? ಸೋಮವಾರಕ್ಕೆ ಗುರುವಾರ ಸೇರಿ, ಆಮೇಲೆ ಶನಿವಾರವೂ ಸೇರಿದ್ದರೆ ಮಾತಾಡಿಸಿ. ಫಲಾಹಾರದ ದಿನ ಅವಲಕ್ಕಿ ಮೊಸರು, ಸಾಬುದಾಣಿ, ಹಾಲು ತೆಗೆದುಕೊಳ್ಳುತ್ತಾಳಾ ಅಥವಾ ಅದನ್ನೂ ‘ನನ್ನ ವ್ರತದಲ್ಲಿ ಬರಲ್ಲ’ ಅನ್ನುತ್ತಾಳಾ? ‘ಡಾಕ್ಟರು, ನಿಮ್ಮ ಅಮ್ಮ ಇಬ್ಬರೂ ಈ ತಿಂಗಳು ಬೇಡ ಅಂದರೆ ಬಿಡ್ತೀಯಾ?’ ಅಂತ ಕೇಳಿದಾಗ ಮುಖ ನೋಡಿ.

ರೋಜಾ ಇಡುವವರಲ್ಲಿ ಸಹರಿ ಬಿಡುವುದು, ಇಫ್ತಾರ್‌ಗೆ ಗೆಳತಿಯರ ಜೊತೆ ಕೂರದಿರುವುದು ನೋಡಬೇಕು. ಮುಟ್ಟಿನ ದಿನಗಳಲ್ಲಿ ರೋಜಾ ಇಲ್ಲ, ಆಮೇಲೆ ಆ ಲೆಕ್ಕ ತುಂಬಿಕೊಳ್ಳುತ್ತಾರೆ. ಒಬ್ಬಳು ಇಡೀ ತಿಂಗಳು ಒಂದು ದಿನವೂ ಬಿಡದೆ ಇಟ್ಟಿದ್ದಾಳೆ ಅಂದರೆ ಮುಟ್ಟು ನಿಂತಿದೆಯಾ ಅಂತ ಮೆಲ್ಲಗೆ ವಿಚಾರಿಸಿ. ತಾರೀಖು ಹಾಗೇ ಬಿದ್ದಿರಲೂಬಹುದು, ಕೇಳದೆ ತೀರ್ಮಾನ ಬೇಡ.

ಇನ್ನು ವಾಂತಿ, ಭೇದಿ. ‘ಭೇದಿ ಮಾತ್ರೆ ತಗೋತೀಯಾ’ ಅಂದರೆ ಇಲ್ಲ ಅನ್ನುತ್ತಾರೆ, ಸುಳ್ಳೂ ಅಲ್ಲ. ತ್ರಿಫಲಾ ಚೂರ್ಣ, ಸೋನಾಮುಖಿ, ಹರಳೆಣ್ಣೆ, ತೂಕ ಇಳಿಸುವ ‘ಹರ್ಬಲ್ ಟೀ’ ಇವನ್ನು ಯಾರೂ ಮಾತ್ರೆ ಅಂತ ಎಣಿಸುವುದಿಲ್ಲ. ಅಂಥ ಟೀಗಳಲ್ಲಿ ಎಷ್ಟೋ ಸಲ ಇರುವುದು ಸೋನಾಮುಖಿಯೇ. ಹೆಸರು ಹಿಡಿದೇ ಕೇಳಿ. ವಾಂತಿಗೆ ಉಲ್ಟಾ ತೊಂದರೆ: ಯೋಗ ಶಿಬಿರದಲ್ಲಿ ಉಪ್ಪುನೀರು ಕುಡಿದು ವಮನಧೌತಿ ಮಾಡಿದವಳು ಮೊದಲ ಪ್ರಶ್ನೆಗೆ ಹೌದು ಅಂತ ಬರೆಯಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಾ, ರಾತ್ರಿ ಊಟ ಆದ ಮೇಲಾ? ಈ ಒಂದು ಪ್ರಶ್ನೆಗೆ ಬಹುಪಾಲು ಗೊತ್ತಾಗಿಬಿಡುತ್ತದೆ.

‘ಊಟದ ಯೋಚನೆಯೇ ಆಳುತ್ತದಾ’ ಎನ್ನುವುದಕ್ಕೆ ನಿಮ್ಮ ಮೆಸ್ಸಿನ ಸಾಂಬಾರು ಚೆನ್ನಾಗಿಲ್ಲದಿದ್ದರೆ ಇಡೀ ಹಾಸ್ಟೆಲ್ ಹೌದು ಅನ್ನುತ್ತದೆ, ಅದನ್ನೂ ಗಮನದಲ್ಲಿಡಿ.

ಮನೋವಿಜ್ಞಾನ_ಧಾರವಾಡ

ಜಾಲದಲ್ಲಿ ಸಿಕ್ಕ ಅನುವಾದದ ಬಗ್ಗೆ: ಯಾರು ಮಾಡಿದ್ದು, ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಬೇರೆಯವರಿಂದ ತಿರುಗಿಸಿ ಹೋಲಿಸಿದ್ದಾರಾ, ವೈದ್ಯಕೀಯ ಸಂದರ್ಶನದ ಎದುರು ಇಟ್ಟು ಗೆರೆ ಸರಿಯಿದೆಯಾ ನೋಡಿದ್ದಾರಾ? ಇಷ್ಟು ಆಗಿರದಿದ್ದರೆ ಅದನ್ನು ಅಳತೆಗೋಲು ಅಂತ ಬಳಸಬೇಡಿ, ಮಾತು ಶುರು ಮಾಡಲು ಒಂದು ನೆಪ ಅಂತ ಬಳಸಿ. ಆಗ ‘ಅಂಕ 2’ಕ್ಕೆ ಅಷ್ಟೇನೂ ತೂಕ ಕೊಡಬೇಕಿಲ್ಲ, ಒಂದು ಹೌದು ಬಂದರೂ ಕರೆಯಿರಿ.

ಹಂಚುವ ಮೊದಲು ಎಂಟು ಹತ್ತು ಹುಡುಗಿಯರಿಗೆ ಓದಿಸಿ, ಪ್ರತಿ ಪ್ರಶ್ನೆಗೂ ‘ಇದರಲ್ಲಿ ಏನು ಕೇಳ್ತಿದ್ದಾರೆ ಅಂತ ನಿನ್ನ ಮಾತಲ್ಲಿ ಹೇಳು’ ಅನ್ನಿ. ಎಲ್ಲಿ ಸೋರುತ್ತದೆ ಆಗ ಕಾಣುತ್ತದೆ. ‘ವಾಂತಿ ಮಾಡಿಕೊಳ್ಳುತ್ತೀರಾ’ ಅಂದರೆ ಬಸ್ಸಿನಲ್ಲಿ ಆಗುವ ವಾಂತಿಯನ್ನೂ ಸೇರಿಸುತ್ತಾರೆ, ‘ಬೇಕಂತಲೇ’ ಬೇಕೇ ಬೇಕು. ‘ಊಟ ಬಿಡುತ್ತೀರಾ’ ಅಂದರೆ ಮಧ್ಯಾಹ್ನ ರಾತ್ರಿ ಎರಡು ಹೊತ್ತಿನ ಲೆಕ್ಕ ಹೇಳುತ್ತಾರೆ. ಬೆಳಗಿನ ತಿಂಡಿ ವರ್ಷದಿಂದ ಬಿಟ್ಟಿದ್ದರೂ ಅದು ಊಟವಲ್ಲವಲ್ಲ. ತಿಂಡಿ, ಊಟ, ಸಂಜೆಯದು ಅಂತ ಬಿಡಿಸಿ ಕೇಳಿ.

ಎದುರು ಕೂರಿಸಿಕೊಂಡಾಗ ಕಾಗದ ಪಕ್ಕಕ್ಕಿಡಿ. ‘ನೀನು ಅನೊರೆಕ್ಸಿಕ್ (ಊಟ ಬಿಟ್ಟು ತೂಕ ತೀರಾ ಇಳಿಸಿಕೊಳ್ಳುವ ಕಾಯಿಲೆಯವಳು) ಅಂತ ಬಂದಿದೆ’ ಅನ್ನಬೇಡಿ, ಅದು ನಿಜವೂ ಅಲ್ಲ. ಹೀಗೆ ಶುರು ಮಾಡಬಹುದು: ‘ನಿನ್ನೆ ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಏನೇನು ತಿಂದೆ, ಎಲ್ಲಿ ಕೂತು ತಿಂದೆ, ಹೇಳ್ತಾ ಹೋಗು.’ ಆಮೇಲೆ: ‘ಒಮ್ಮೊಮ್ಮೆ ತಿನ್ನೋಕೆ ಶುರು ಮಾಡಿದ್ರೆ ನಿಲ್ಲಿಸೋಕೇ ಆಗಲ್ಲ ಅನ್ಸುತ್ತಾ? ಆಗ ಎಷ್ಟು ತಿಂದಿರ್ತೀಯಾ?’ ‘ತಿಂದಾದ ಮೇಲೆ ಅದನ್ನ ಸರಿ ಮಾಡ್ಬೇಕು ಅಂತ ಏನಾದ್ರೂ ಮಾಡ್ತೀಯಾ?’ ಕನ್ನಡಿ, ತೂಕದ ಪ್ರಶ್ನೆ ಕೊನೆಗಿರಲಿ. ಒಬ್ಬಳೇ ಕೂತು ಕದ್ದು ತಿನ್ನುವುದುಂಟಾ ಎನ್ನುವ ಪ್ರಶ್ನೆಯನ್ನೂ ಸೇರಿಸಿ. ಅದು ಇಎಸ್‌ಪಿ ಎನ್ನುವ ಇನ್ನೊಂದು ಐದು ಪ್ರಶ್ನೆಯ ಪಟ್ಟಿಯದು, ಬಿಂಜ್ ಈಟಿಂಗ್ (ಹಿಡಿತ ತಪ್ಪಿ ಮಿತಿಮೀರಿ ತಿನ್ನುವುದು) ಇರುವವರನ್ನು ಮಾತಿಗೆಳೆಯಲು ಒಳ್ಳೆಯದು.

ಸ್ಕಾಫ್ ಕೈಗೆ ಸಿಗದೇ ಹೋಗುವ ಒಂದು ಗುಂಪು ನಮ್ಮಲ್ಲಿ ಮುಖ್ಯ. ದಪ್ಪ ಆಗುವ ಭಯದ ಮಾತೇ ಎತ್ತದವರು. ‘ಹಸಿವಿಲ್ಲ’, ‘ಗ್ಯಾಸ್’, ‘ಹೊಟ್ಟೆ ಉಬ್ಬರ’, ‘ಗಂಟಲಲ್ಲಿ ಇಳಿಯಲ್ಲ’ ಅನ್ನುತ್ತಾರೆ. ಹಾಂಗ್‌ಕಾಂಗ್‌ನಲ್ಲೂ ಭಾರತದಲ್ಲೂ ಇಂಥ ಅನೊರೆಕ್ಸಿಯಾವನ್ನು 90ರ ದಶಕದಲ್ಲೇ ವೈದ್ಯರು ದಾಖಲಿಸಿದ್ದಾರೆ. ಸ್ಕಾಫ್‌ನಲ್ಲಿ ತೂಕ ಇಳಿಕೆಗೆ ಒಂದು ಹೌದು ಬರಬಹುದು, ಉಳಿದ ನಾಲ್ಕೂ ಇಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ, 2013ರ ಡಿಎಸ್‌ಎಂ-5, ಈ ವಿಷಯದಲ್ಲಿ ಸಡಿಲವಾಗಿದೆ: ಭಯದ ಮಾತು ಆಡದಿದ್ದರೂ ತೂಕ ಏರದಂತೆ ಬಿಡದೆ ನಡೆದುಕೊಳ್ಳುತ್ತಿದ್ದರೆ ಸಾಕು, ಮುಟ್ಟು ನಿಲ್ಲಲೇಬೇಕು ಎಂಬ ಷರತ್ತೂ ಹೋಗಿದೆ. ಹಾಗಾಗಿ ಮತ್ತೆ ಮತ್ತೆ ಹೊಟ್ಟೆನೋವು ಅಂತ ಸಿಕ್ ರೂಮಿಗೆ ಬರುವವರ ಪಟ್ಟಿಯನ್ನು ತೂಕದ ಪಟ್ಟಿಯ ಪಕ್ಕ ಇಟ್ಟು ನೋಡಿ.

ಕ್ರೀಡಾವೈದ್ಯೆ

ನಾನು ಸ್ವಲ್ಪ ಭಿನ್ನಮತ. 400 ಜನಕ್ಕೂ ಕೊಡಲೇಬೇಕಾ? ಲಕ್ಷಣವಿಲ್ಲದವರನ್ನೆಲ್ಲ ಸ್ಕ್ರೀನ್ ಮಾಡುವುದರಿಂದ ಲಾಭವೋ ಹಾನಿಯೋ ಹೇಳಲು ಆಧಾರ ಸಾಲದು ಅಂತ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2022ರಲ್ಲಿ ಹೇಳಿದೆ. ಮಾಡಬೇಡಿ ಅಂದಿಲ್ಲ, ಮಾಡಿ ಅಂತಲೂ ಅಂದಿಲ್ಲ. ಒಬ್ಬರೇ ಸಮಾಲೋಚಕರಿರುವ ಕಡೆ ಆರಿಸಿ ಕೇಳುವುದೇ ವಾಸಿ: ಮುಟ್ಟು ತಪ್ಪಿದವರು, ತೂಕ ಬೇಗ ಏರಿಳಿದವರು, ಪದೇ ಪದೇ ತಲೆಸುತ್ತು, ಮಲಬದ್ಧತೆ ಅನ್ನುವವರು, ಓಟಗಾರ್ತಿಯರು, ಭರತನಾಟ್ಯ ಕಲಿಯುವವರು, ತೂಕದ ವರ್ಗವಿರುವ ಕುಸ್ತಿ, ಜೂಡೊದವರು. ಆಟಗಾರ್ತಿಯರಿಗೆ ಲೀಫ್-ಕ್ಯೂ ಅಂತ 25 ಪ್ರಶ್ನೆಯದು ಬೇರೆಯೇ ಇದೆ. ಗಾಯ, ಹೊಟ್ಟೆ, ಮುಟ್ಟು ಮೂರನ್ನು ಕೇಳುತ್ತದೆ, 8 ಅಥವಾ ಹೆಚ್ಚು ಬಂದರೆ ದೇಹಕ್ಕೆ ಶಕ್ತಿ ಸಾಲುತ್ತಿಲ್ಲ ಅಂತ ಅನುಮಾನ. ದಪ್ಪ ಸಣ್ಣದ ಮಾತೇ ಅದರಲ್ಲಿಲ್ಲ, ಹಾಗಾಗಿ ಹುಡುಗಿಯರು ನಿರ್ಭಿಡೆಯಿಂದ ಉತ್ತರಿಸುತ್ತಾರೆ.

ಟೈಪ್ 1 ಸಕ್ಕರೆ ಕಾಯಿಲೆ ಇರುವವರು ಹಾಸ್ಟೆಲ್‌ನಲ್ಲಿ ಒಬ್ಬಿಬ್ಬರಾದರೂ ಇರಬಹುದು. ಅವರು ತೂಕ ಇಳಿಸಲು ಇನ್ಸುಲಿನ್ ಕಡಿಮೆ ಹಾಕಿಕೊಳ್ಳಬಲ್ಲರು, ಬೇಕಂತಲೇ. ಅವರಿಗೆ ಸ್ಕಾಫ್‌ನ ಐದನೆಯ ಪ್ರಶ್ನೆಯ ಜಾಗದಲ್ಲಿ ‘ಹಾಕಿಕೊಳ್ಳಬೇಕಾದ್ದಕ್ಕಿಂತ ಕಡಿಮೆ ಇನ್ಸುಲಿನ್ ತಗೊಳ್ಳೋದುಂಟಾ’ ಅಂತ ಕೇಳುವ ರೂಪವಿದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಕಾರಣವಿಲ್ಲದೆ ಏರುತ್ತಿದ್ದರೆ, ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವುದು) ಆಗಿ ಮತ್ತೆ ಮತ್ತೆ ಅಡ್ಮಿಟ್ ಆಗುತ್ತಿದ್ದರೆ ತಡಮಾಡದೆ ಕೇಳಬೇಕು.

ಹುಡುಗರ ಹಾಸ್ಟೆಲ್‌ಗೂ ಇದನ್ನೇ ಕೊಡೋಣ ಅಂತ ಮಂಡಳಿಯವರು ನಾಳೆ ಹೇಳಬಹುದು. ಈ ಪಟ್ಟಿಗಳೆಲ್ಲ ಸಣ್ಣ ಆಗಬೇಕೆನ್ನುವವರಿಗಾಗಿ ಬರೆದವು. ಮೈಕಟ್ಟು ಸಾಲದು ಅಂತ ಜಿಮ್, ಪೌಡರ್ ಹಿಂದೆ ಬಿದ್ದವನು ಐದಕ್ಕೂ ಇಲ್ಲ ಅಂತ ಬರೆದು ಹೋಗುತ್ತಾನೆ.

ಹಾಸ್ಟೆಲ್_ಸಮಾಲೋಚಕಿ

ಹಾಗಾದರೆ ಆರಿಸಿ ಕೇಳುವುದನ್ನೇ ಮಂಡಳಿಗೆ ಹೇಳುತ್ತೇನೆ. ಒಪ್ಪದಿದ್ದರೆ ವಾರಕ್ಕೆ 50ರ ತಂಡ. ಒಪ್ಪಿಗೆ ಪತ್ರ ಮತ್ತು ವಾರ್ಡನ್‌ಗೆ ಎಷ್ಟು ಹೇಳಬೇಕು ಅನ್ನುವುದೊಂದು ತಿಳಿಸಿ.

ತಾಲ್ಲೂಕು_ವೈದ್ಯ

18ರೊಳಗಿನವರಾದ್ದರಿಂದ ಪೋಷಕರ ಲಿಖಿತ ಒಪ್ಪಿಗೆ, ಜೊತೆಗೆ ಹುಡುಗಿಯ ಒಪ್ಪಿಗೆ, ಎರಡೂ ಬೇಕು. ಪತ್ರದಲ್ಲಿ ‘ಊಟ, ತೂಕ, ಮನಸ್ಸಿನ ಆರೋಗ್ಯದ ಕುರಿತ ಪ್ರಶ್ನೆಗಳು’ ಅಂತ ಸರಳವಾಗಿ ಬರೆಯಿರಿ. ಜೀವಕ್ಕೆ ಅಪಾಯ ಕಂಡರೆ ಮನೆಗೆ ತಿಳಿಸುತ್ತೇವೆ, ಉಳಿದದ್ದು ನಮ್ಮಲ್ಲೇ ಇರುತ್ತದೆ ಎನ್ನುವ ಸಾಲು ಪತ್ರದಲ್ಲೂ ಇರಲಿ, ಹುಡುಗಿಗೆ ಬಾಯಲ್ಲೂ ಹೇಳಿ. ಉತ್ತರಗಳು ಲೆಕ್ಚರರ್ ವಾಟ್ಸಾಪ್ ಗುಂಪಿಗೆ ಹೋಗಬಾರದು. ಗೂಗಲ್ ಫಾರ್ಮ್ ಬದಲು ಕಾಗದವೇ ಮೇಲು.

ವಾರ್ಡನ್‌ಗೆ ಅಂಕ ಬೇಡ, ರೋಗದ ಹೆಸರೂ ಬೇಡ. ನೀವು ಅವರಿಗೆ ಹೇಳಬೇಕಾದದ್ದು: ಮೆಸ್ಸಿನಲ್ಲಿ ಇವಳ ತಟ್ಟೆ ನೋಡಿ ಟೀಕೆ ಮಾಡಬೇಡಿ, ಊಟ ಆದ ಒಂದು ಗಂಟೆ ಒಬ್ಬಳೇ ಬಾತ್‌ರೂಮಿನಲ್ಲಿ ಬಹಳ ಹೊತ್ತು ಇರದಂತೆ ಗೆಳತಿಯರ ಜೊತೆ ಕೂರಿಸಿ, ತಲೆಸುತ್ತಿ ಬಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ. ಇಷ್ಟು ಹೇಳಿದರೆ ಅವರ ಕೆಲಸ ಅವರಿಗೆ ಗೊತ್ತಾಗುತ್ತದೆ.

ಕಳಿಸುವ ಜಾಗ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್, ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್. ರಾತ್ರಿ ವೇಳೆ ಸಲಹೆ ಬೇಕಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಚೀಟಿಯಲ್ಲಿ ‘ಸ್ಕಾಫ್ 3’ ಅಂತ ಮಾತ್ರ ಬರೆದು ಕಳಿಸಬೇಡಿ. ಮೂರು ತಿಂಗಳ ಹಿಂದಿನ ತೂಕ, ಇಂದಿನ ತೂಕ, ಎತ್ತರ, ಮಲಗಿದಾಗ ಮತ್ತು ನಿಂತಾಗ ನಾಡಿ, ಬಿಪಿ, ಕೊನೆಯ ಮುಟ್ಟಿನ ತಾರೀಖು, ವಾಂತಿ ವಾರಕ್ಕೆ ಎಷ್ಟು ಸಲ, ಇಷ್ಟಿದ್ದರೆ ಒಪಿಡಿಯ ನೂಕುನುಗ್ಗಲಿನಲ್ಲೂ ನೋಡುವವರಿಗೆ ತುರ್ತು ತಿಳಿಯುತ್ತದೆ.

ಖಚಿತವಾಗಿ ಅನೊರೆಕ್ಸಿಯಾ ಅಂತಾದರೆ ಹಾಸ್ಟೆಲ್‌ನಲ್ಲಿಟ್ಟುಕೊಂಡೇ ಸರಿಪಡಿಸುವ ಆಸೆ ಬೇಡ. ಈ ವಯಸ್ಸಿಗೆ ಹೆಚ್ಚು ಫಲ ಕೊಡುವ ಚಿಕಿತ್ಸೆಯಲ್ಲಿ ಮೊದಲ ತಿಂಗಳುಗಳು ಮೂರು ಹೊತ್ತೂ ಅಪ್ಪ ಅಮ್ಮನೇ ಪಕ್ಕದಲ್ಲಿ ಕೂತು ಊಟ ಮಾಡಿಸಬೇಕಾಗುತ್ತದೆ. ಹಾಜರಾತಿಯ ವಿನಾಯಿತಿಗೆ ಪ್ರಾಂಶುಪಾಲರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸಲ್ಲ ಎನ್ನುವ ಹೆದರಿಕೆಗೇ ಮನೆಯವರು ಕರೆದುಕೊಂಡು ಹೋಗಲು ಹಿಂದೇಟು ಹಾಕುತ್ತಾರೆ.